ದಪ್ಪ ಬಳಿದರೂ ಅಲೆ ಹೀರಲಿಲ್ಲವೇಕೆ?

ಪ್ರಶ್ನೆ: ಪಾಲಿಯೆಸ್ಟರ್ ಹಾಳೆಗೆ ಕಾರ್ಬನ್ ಪೇಂಟ್ ಸಿಂಪಡಿಸಿ, ಅಲ್ಯೂಮಿನಿಯಂ ತಗಡಿಗೆ ಅಂಟಿಸಿ 10 ಗಿಗಾಹರ್ಟ್ಸ್ ಮೈಕ್ರೋವೇವ್ ಬಿಟ್ಟೆವು. ಎಲ್ಲವೂ ಪ್ರತಿಫಲಿಸಿತು. ಲೇಪ ದಪ್ಪ ಮಾಡಿದರೂ ಅಷ್ಟೇ. ತಪ್ಪೆಲ್ಲಿ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಾಳೆ ಇಟ್ಟ ಜಾಗದಲ್ಲಿ. ಲೋಹದ ಮೈಗೆ ತಾಗಿದ ಕಡೆ ಅಲೆಯ ವಿದ್ಯುತ್ ಕ್ಷೇತ್ರ ಹೆಚ್ಚುಕಡಿಮೆ ಸೊನ್ನೆ. ಕ್ಷೇತ್ರವಿಲ್ಲದಿದ್ದರೆ ಲೇಪದಲ್ಲಿ ಕರೆಂಟ್ ಹರಿಯದು, ಶಕ್ತಿ ಶಾಖವಾಗದು. ಕ್ಷೇತ್ರ ಅತಿ ಹೆಚ್ಚಿರುವುದು ತಗಡಿನಿಂದ ಕಾಲು ತರಂಗಾಂತರ ಮುಂದೆ. ನಿಮ್ಮ ತರಂಗಾಂತರ 30 ಮಿ.ಮೀ.; ನಡುವೆ 7.5 ಮಿ.ಮೀ. ಥರ್ಮಾಕೋಲ್ ಇಡಿ. ಅದು ಬಹುಪಾಲು ಗಾಳಿಯೇ, ಲೆಕ್ಕ ಕೆಡದು. ಅಕ್ರಿಲಿಕ್ ಆದರೆ ಸುಮಾರು 4.6 ಮಿ.ಮೀ. ಸಾಕು. ಥರ್ಮಾಕೋಲ್ 15 ಮಿ.ಮೀ. ಆಯಿತೋ, ಮತ್ತೆ ಪೂರ್ತಿ ಪ್ರತಿಫಲನ. ಅಮೆರಿಕದ ವಿನ್‌ಫೀಲ್ಡ್ ಸಾಲ್ಸ್‌ಬರಿ 1952ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಗೆ ಸಾಲ್ಸ್‌ಬರಿ ಪರದೆ ಎಂದೇ ಹೆಸರು.

ಇನ್ನು ದಪ್ಪ. ನಿಮಗೆ ಬೇಕಾದ್ದು ಚೌಕಕ್ಕೆ 377 ಓಮ್ ರೋಧ (ಲೇಪದ ಯಾವುದೇ ಗಾತ್ರದ ಚೌಕದಲ್ಲಿ ಒಂದು ಅಂಚಿನಿಂದ ಎದುರಂಚಿಗೆ), ಅಂದರೆ ಗಾಳಿಯಲ್ಲಿ ಅಲೆಯ ಇಂಪಿಡೆನ್ಸ್ (ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಇರುವ ಅನುಪಾತ) ಎಷ್ಟೋ ಅಷ್ಟು. 300 ಆದರೂ 450 ಆದರೂ ಚಿಂತೆಯಿಲ್ಲ, ಹಿಂದಿರುಗುವ ಶಕ್ತಿ ಶೇ 2 ದಾಟದು. ದಪ್ಪ ಬಳಿದು 100ಕ್ಕೆ ಇಳಿಸಿದರೆ ಮೂರನೇ ಒಂದು ಭಾಗ ವಾಪಸ್ ಬರುತ್ತದೆ. ಹಾಗಾಗಿ ಅಳೆಯದೆ ಮುಂದುವರಿಯಬೇಡಿ: 5 ಸೆಂ.ಮೀ. ಚೌಕ ಕತ್ತರಿಸಿ, ಎದುರುಬದುರು ಅಂಚುಗಳಿಗೆ ಉದ್ದಕ್ಕೂ ಸಿಲ್ವರ್ ಪೇಂಟ್ ಬಳಿದು ಮಲ್ಟಿಮೀಟರ್ ಹಿಡಿಯಿರಿ. ಲೇಪದ ಮೇಲೆ ನೇರವಾಗಿ ಮೊನೆ ಊರಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ. ಇನ್ನೊಂದು ಚೌಕವನ್ನು ಅಡ್ಡ ದಿಕ್ಕಿನಲ್ಲೂ ಅಳೆಯಿರಿ. ಒಂದೇ ಕಡೆಗೆ ಸಿಂಪಡಿಸಿದ ಲೇಪದಲ್ಲಿ ಗೆರೆ ಬಿದ್ದು ಎರಡು ದಿಕ್ಕಿಗೆ ಎರಡು ರೋಧ ಬರುವುದುಂಟು. ತೆಳುವಾಗಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಸಿಂಪಡಿಸಿ. ದ್ರಾವಕ ಪೂರ್ತಿ ಆರಿದ ಮೇಲೆಯೇ ಅಳೆಯಿರಿ, ಒಣಗುತ್ತ ರೋಧ ಇಳಿಯುತ್ತಿರುತ್ತದೆ.

ಪ್ರಯೋಗದಲ್ಲಿ ಬರಿ ತಗಡಿನ ಪ್ರತಿಫಲನವನ್ನೇ ನೂರಕ್ಕೆ ನೂರು ಎಂದಿಟ್ಟುಕೊಳ್ಳಿ. ಹಾಳೆ ಹಾರ್ನ್ (ಅಲೆ ಬಿಡುವ ಕಹಳೆಯಾಕಾರದ ಆಂಟೆನಾ) ಬಾಯಿಗಿಂತ ಸಾಕಷ್ಟು ದೊಡ್ಡದಿರಲಿ, ಇಲ್ಲದಿದ್ದರೆ ಅಂಚುಗಳಿಂದ ಚದುರಿದ ಅಲೆ ಓದನ್ನು ಕೆಡಿಸುತ್ತದೆ.

ಪ್ರಶ್ನೆ: ಹಿಂದೆ ತಗಡಿಲ್ಲದೆ ಬರಿಯ ಲೋಹದ ಲೇಪ ಎಷ್ಟು ಹೀರಬಲ್ಲದು?
– ಓದುಗರು, ಶಿವಮೊಗ್ಗ

ಉತ್ತರ: ಹೆಚ್ಚೆಂದರೆ ಅರ್ಧ, ಅದೂ ಚೌಕಕ್ಕೆ ಸುಮಾರು 188 ಓಮ್ ಇದ್ದಾಗ. ಆಗ ಕಾಲು ಭಾಗ ಪ್ರತಿಫಲಿಸುತ್ತದೆ, ಕಾಲು ಭಾಗ ಆಚೆ ದಾಟುತ್ತದೆ. ತಾಮ್ರದಲ್ಲಿ ಈ ರೋಧಕ್ಕೆ ಲೆಕ್ಕ ಹಾಕಿದರೆ ಪರಮಾಣುವಿಗಿಂತ ತೆಳುವಾದ ಪದರ ಬೇಕಾದೀತು! ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ಆದರೆ ಸುಮಾರು 6 ನ್ಯಾನೋಮೀಟರ್. ಇಷ್ಟು ತೆಳುವಾದಾಗ ಲೋಹ ಒಂದೇ ಹಾಸಾಗದೆ ಬಿಡಿಬಿಡಿ ದ್ವೀಪಗಳಾಗಿ ಕೂರಬಹುದು, ಪುಸ್ತಕದ ರೋಧತೆ ಅಲ್ಲಿ ಅನ್ವಯಿಸದು. ಲೇಪಿಸುವಾಗ ದಪ್ಪವನ್ನಲ್ಲ, ರೋಧವನ್ನೇ ಗಮನಿಸಿ ನಿಲ್ಲಿಸಿ. ಗಾಳಿಗೆ ತೆರೆದ ಮೇಲೆ ಆಕ್ಸೈಡ್ ಕಟ್ಟಿ ರೋಧ ಏರುತ್ತದೆ, ಗುರಿಗಿಂತ ತುಸು ಕೆಳಗೇ ನಿಲ್ಲಿಸುವುದು ಒಳ್ಳೆಯದು.