ಪ್ರ: ಚೀನಾದ ಶಾಲಾ ವೇಳಾಪಟ್ಟಿಯಲ್ಲಿರುವ ‘ಯುವೆನ್’ ಅಂದರೆ ಚೀನೀ ಮಾತಾಡಲು ಕಲಿಸುವ ಕ್ಲಾಸಾ?

ಅಲ್ಲ ಸರ್. ಮಾತು ಮಕ್ಕಳಿಗೆ ಹೇಗೂ ಬರುತ್ತೆ. ‘ಯು’ ಅಂದ್ರೆ ಮಾತು, ‘ವೆನ್’ ಅಂದ್ರೆ ಬರಹ. 1949ರ ಹೊತ್ತಿಗೆ ಪ್ರಾಥಮಿಕದ ‘ಗುವೋಯು’ (ದೇಶದ ಮಾತು), ಪ್ರೌಢಶಾಲೆಯ ‘ಗುವೋವೆನ್’ (ದೇಶದ ಬರಹ) ಅನ್ನೋ ಎರಡು ವಿಷಯಗಳನ್ನೂ ಸೇರಿಸಿ ಈ ಹೆಸರಿಟ್ಟರು. ಹಾಗಾಗಿ ‘ಚೈನೀಸ್ ಕ್ಲಾಸ್’ ಅಂತ ಅನುವಾದಿಸಿದರೆ ಅರ್ಧ ಅರ್ಥ ಕಳೆದುಹೋಗುತ್ತೆ.

ಶುರುವಿನಲ್ಲಿ ಪಿನ್‌ಯಿನ್ (ಚೀನೀ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯೋ ರೀತಿ) ಮತ್ತು ಅಕ್ಷರಗಳು. ಒಂಬತ್ತು ವರ್ಷದಲ್ಲಿ ಸುಮಾರು 3500 ಅಕ್ಷರ ಗುರುತಿಸಬೇಕು, ನಮ್ಮ ವರ್ಣಮಾಲೆ ಎಷ್ಟು ಸುಲಭ ಅನ್ನಿಸುತ್ತೆ ನೋಡಿ! ಆಮೇಲೆ ತಾಂಗ್ ರಾಜವಂಶದ ಕಾಲದ ಕವಿತೆಗಳ ಬಾಯಿಪಾಠ. ಮೇಲಿನ ತರಗತಿಗಳಲ್ಲಿ ‘ವೆನ್‌ಯಾನ್’ ಅನ್ನೋ ಹಳೆಯ ಚೀನೀ ಗದ್ಯ. ಹಳಗನ್ನಡ ಪದ್ಯಕ್ಕೆ ಅರ್ಥ ಹುಡುಕುತ್ತಾ ಬೆವರಿದವರಿಗೆ ಆ ಕಷ್ಟ ಗೊತ್ತಾಗುತ್ತೆ. ಒಂದೇ ಅಕ್ಷರ ಇವತ್ತೊಂದು ಅರ್ಥ, ಅವತ್ತೊಂದು ಅರ್ಥ.

ಗಾವೊಕಾವೊ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಜೂನ್ 7ರ ಬೆಳಿಗ್ಗೆ ಮೊದಲ ಪತ್ರಿಕೆಯೇ ಇದು. 150 ಅಂಕ, ಅದರಲ್ಲಿ ಪ್ರಬಂಧಕ್ಕೇ 60, ಕನಿಷ್ಠ 800 ಅಕ್ಷರ ಬರೀಬೇಕು. ಎಂಜಿನಿಯರಿಂಗ್‌ಗೆ ಹೋಗುವವರಿಗೂ ವಿನಾಯಿತಿ ಇಲ್ಲ. ನನಗೆ ಅದು ಒಳ್ಳೇದೇ ಅನ್ಸುತ್ತೆ.

ಇಂಗ್ಲಿಷ್ ಬೇರೆ ವಿಷಯ, ‘ವಾಯ್‌ಯು’ ಅಂದರೆ ವಿದೇಶಿ ಭಾಷೆ. ಅದರ ಬದಲು ಜಪಾನೀಸ್, ರಷ್ಯನ್ ತಗೊಂಡು ಬರೆಯೋರೂ ಇದ್ದಾರೆ.