ಶಂಟ್ ಇರುವ ಮಗು ವಾಂತಿ ಮಾಡಿದರೆ ಗ್ಯಾಸ್ಟ್ರಿಕ್ ಎನ್ನಬೇಡಿ

ತಲೆಯಲ್ಲಿ ನೀರು ತುಂಬಿದ ಮಕ್ಕಳಿಗೆ ಹಾಕುವ ವಿ.ಪಿ. ಶಂಟ್ ಬಗ್ಗೆ ಈ ಸಲವೂ ಹಳೆಯ ಪ್ರಶ್ನೆಗಳೇ ಬಂದಿವೆ. ಶಂಟ್ ಎಂದರೆ ಮಿದುಳಿನಲ್ಲಿ ಹೆಚ್ಚಾದ ದ್ರವವನ್ನು ಚರ್ಮದಡಿಯಿಂದ ಹೊಟ್ಟೆಗೆ ಹರಿಸುವ ಕೊಳವೆ ಎಂದು ಆಪರೇಷನ್ನಿಗೆ ಸಹಿ ಹಾಕಿಸಿಕೊಳ್ಳುವಾಗಲೇ ನಿಮಗೆ ಹೇಳಿರುತ್ತಾರೆ. ಹೆಚ್ಚಿನ ವಿವರ ಇಲ್ಲಿ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ಮಗನಿಗೆ ಮೂರು ವರ್ಷ. ಎರಡು ತಿಂಗಳ ಕೂಸಾಗಿದ್ದಾಗ ಶಂಟ್ ಹಾಕಿಸಿದ್ದೆವು. ನಾಲ್ಕು ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ದಿನವಿಡೀ ತೂಕಡಿಕೆ. ಭೇದಿ ಇಲ್ಲ. ಊರಿನ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಸಿರಪ್ ಕೊಟ್ಟಿದ್ದಾರೆ. ತಲೆಯ ಚರ್ಮದಡಿ ಉಬ್ಬಿಕೊಂಡಿರುವ ಶಂಟಿನ ಗುಂಡಿ ಒತ್ತಿ ನೋಡಿದೆವು, ಮೇಲೆದ್ದು ಬರುತ್ತಿದೆ. ಇನ್ನೂ ಎರಡು ದಿನ ನೋಡಬಹುದೇ? (ಸಿಂಧನೂರು)

ನೋಡಬಾರದು. ಸಿರಪ್ ಅಲ್ಲೇ ಇಟ್ಟು ಇವತ್ತೇ ಹೊರಡಿ. ಶಂಟ್ ಇರುವ ಮಗುವಿಗೆ ಭೇದಿಯಿಲ್ಲದೆ ವಾಂತಿಯಾದರೆ ಮೊದಲ ಅನುಮಾನ ಶಂಟಿನ ಮೇಲೆಯೇ. ಹೊಟ್ಟೆಯ ಮಾತು ಶಂಟ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ. ರಾತ್ರಿಯಿಡೀ ಮಲಗಿದ್ದಾಗ ತಲೆಯೊಳಗಿನ ಒತ್ತಡ ಏರುತ್ತದೆ, ಅದಕ್ಕೇ ವಾಂತಿಯೂ ತಲೆನೋವೂ ಬೆಳಗಿನ ಹೊತ್ತು ಜೋರು.

ದೊಡ್ಡವರ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ಹೊತ್ತಿಗೆ ಇರುವ ದ್ರವ ಸುಮಾರು 150 ಮಿ.ಲೀ., ದಿನಕ್ಕೆ ಹೊಸದಾಗಿ ಹುಟ್ಟುವುದು ಸುಮಾರು 500 ಮಿ.ಲೀ. ಮಕ್ಕಳಲ್ಲಿ ಇದು ಕಡಿಮೆ, ಆದರೆ ಲೆಕ್ಕ ಅದೇ: ಕೊಳವೆ ಕಟ್ಟಿತೆಂದು ದ್ರವ ಹುಟ್ಟುವುದು ನಿಲ್ಲುವುದಿಲ್ಲ. ಕೂಸಾಗಿದ್ದರೆ ನೆತ್ತಿ ಉಬ್ಬಿ, ತಲೆ ಹಿಗ್ಗಿ ಒಂದಷ್ಟು ಕಾಲಾವಕಾಶ ಸಿಗುತ್ತದೆ. ಮೂರು ವರ್ಷಕ್ಕೆ ನೆತ್ತಿ ಕೂಡಿಕೊಂಡಿರುತ್ತದೆ. ಮಗು ಮಂಕಾಗಿದ್ದು ಎಚ್ಚರ ತಪ್ಪುವುದಕ್ಕೆ ಕೆಲವು ಗಂಟೆಗಳೂ ಸಾಕು.

ಇಷ್ಟು ವರ್ಷ ಸರಿಯಿತ್ತಲ್ಲ ಎಂಬ ಧೈರ್ಯ ಬೇಡ. ಮಕ್ಕಳ ಶಂಟುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎರಡು ವರ್ಷದೊಳಗೇ ಕೈಕೊಡುತ್ತವೆ, ಉಳಿದವು ಯಾವಾಗ ಬೇಕಾದರೂ ಕೆಡಬಹುದು. ಹೆಚ್ಚಾಗಿ ಕಟ್ಟುವುದು ಮಿದುಳಿನೊಳಗಿನ ತುದಿ. ದ್ರವ ತಯಾರಿಸುವ ಕೋರಾಯ್ಡ್ ಪ್ಲೆಕ್ಸಸ್ ಎಂಬ ಕುಚ್ಚು ಅದರ ಸಣ್ಣ ತೂತುಗಳೊಳಗೆ ಬೆಳೆದುಬಿಡುತ್ತದೆ. ಹಳೆಯ ಕೊಳವೆಯ ಮೇಲೆ ಸುಣ್ಣ ಕಟ್ಟಿ, ಕುತ್ತಿಗೆಯ ಬಳಿ ಅದು ತುಂಡಾಗುವುದೂ ಉಂಟು. ಮಗು ಎತ್ತರವಾದಂತೆ ಕೆಳಗಿನ ತುದಿ ಹೊಟ್ಟೆಯಿಂದ ಮೇಲಕ್ಕೆ ಜಗ್ಗಿಕೊಂಡು ಬರುತ್ತದೆ. ತುದಿಯ ಸುತ್ತ ನೀರಿನ ಚೀಲ ಕಟ್ಟಿದರೆ ಹೊಟ್ಟೆ ಉಬ್ಬುತ್ತದೆ.

ಇನ್ನು ಆ ಗುಂಡಿ. ಅದನ್ನು ಒತ್ತುವುದು ಬಿಡಿ. ಕಟ್ಟಿದ ಶಂಟಿನ ಗುಂಡಿಯೂ ಮೇಲೇಳಬಹುದು, ಸರಿಯಿರುವ ಶಂಟಿನದು ಏಳಲು ತಡವಾಗಬಹುದು. ದಿನಾ ಒತ್ತುತ್ತಾ ಹೋದರೆ ಎಳೆತಕ್ಕೆ ಆ ಕುಚ್ಚು ತೂತಿನೊಳಗೆ ಬಂದು ಕೂರಬಹುದು. ‘ದಿನಕ್ಕೆ ಇಪ್ಪತ್ತು ಸಲ ಒತ್ತಿ’ ಎಂದು ಕಳಿಸುವವರು ಇನ್ನೂ ಇದ್ದಾರೆ. ನಿಮ್ಮ ಸರ್ಜನ್ ಬೇರೆ ಕಾರಣಕ್ಕೆ ಬರೆದುಕೊಟ್ಟಿದ್ದರೆ ಹೊರತು ಮುಟ್ಟಬೇಡಿ.

ಹೋಗಬೇಕಾದದ್ದು ನ್ಯೂರೋಸರ್ಜನ್ನೂ ಸಿ.ಟಿ.ಯೂ ಇರುವ ಆಸ್ಪತ್ರೆಗೆ. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಬಾಳೆಹಣ್ಣು, ಬಿಸ್ಕತ್ತು, ಹಾಲು ಯಾವುದೂ ಬೇಡ. ತಲೆ ಸ್ವಲ್ಪ ಎತ್ತರದಲ್ಲಿರಲಿ. ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದರೆ ಅಥವಾ ಹೊಸದಾಗಿ ಮೆಳ್ಳೆಗಣ್ಣಾದರೆ 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಡ್ರಿಪ್ ಹಾಕಿದ ಮೇಲೆ ಮಗು ಕಣ್ಣು ಬಿಟ್ಟರೆ ವಾಸಿಯಾಯಿತೆಂದು ಮನೆಗೆ ತಿರುಗಬೇಡಿ. ಅದು ದಾರಿ ಸಾಗಿಸಲು ಮಾತ್ರ.

ಡಿಸ್ಚಾರ್ಜ್ ಚೀಟಿ ಮತ್ತು ಮಗು ಚೆನ್ನಾಗಿದ್ದಾಗ ತೆಗೆಸಿದ ಹಳೆಯ ಸ್ಕ್ಯಾನ್ ಒಯ್ಯಲೇಬೇಕು. ಕೆಲವು ಮಕ್ಕಳ ಮಿದುಳಿನೊಳಗೆ ದ್ರವ ತುಂಬಿರುವ ಕೋಣೆಗಳು ಶಂಟ್ ಸರಿಯಿದ್ದರೂ ದೊಡ್ಡದಾಗಿಯೇ ಉಳಿದಿರುತ್ತವೆ. ಇನ್ನು ಕೆಲವರಲ್ಲಿ ಗೋಡೆ ಬಿಗಿದುಕೊಂಡು, ಶಂಟ್ ಕಟ್ಟಿದರೂ ಅವು ಹಿಗ್ಗುವುದಿಲ್ಲ. ಹಳೆಯದರ ಜೊತೆ ಇಟ್ಟು ನೋಡದಿದ್ದರೆ ಹೊಸ ಸ್ಕ್ಯಾನ್ ಅರ್ಧ ಮಾತ್ರ ಹೇಳುತ್ತದೆ. ‘ರಿಪೋರ್ಟ್ ನಾರ್ಮಲ್’ ಎಂದರೂ ಮಗು ಮಂಕಾಗಿದ್ದರೆ ಆಸ್ಪತ್ರೆಯಲ್ಲೇ ಉಳಿಯಿರಿ. ಕೊಳವೆ ತುಂಡಾಗಿದೆಯೇ ಎಂದು ತಿಳಿಯಲು ತಲೆಯಿಂದ ಹೊಟ್ಟೆಯವರೆಗೆ ಎಕ್ಸ್‌ರೇ ಬೇಕು. ಸಿ.ಟಿ. ನೋಡದೆ ಬೆನ್ನಿನಿಂದ ನೀರು ತೆಗೆಯುತ್ತೇವೆಂದು ಯಾರೇ ಹೇಳಿದರೂ ಒಪ್ಪಬೇಡಿ, ಮಿದುಳು ಕೆಳಕ್ಕೆ ಜಾರಿ ಪ್ರಾಣಕ್ಕೇ ಕುತ್ತಾಗಬಹುದು.

ಜ್ವರವೂ ಇದ್ದರೆ ನಂಜಿನ ಅನುಮಾನ ಸೇರುತ್ತದೆ. ನಂಜು ಬಹುಪಾಲು ಆಪರೇಷನ್ ಆದ ಮೊದಲ ಆರು ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ, ಕೊಳವೆಯ ಜಾಡಿನಲ್ಲಿ ಚರ್ಮ ಕೆಂಪಾಗಬಹುದು. ಇಂಥ ಮಗುವಿಗೆ ಆರ್‌ಎಂಪಿಗಳು ಮೊದಲು ಮಾಡುವ ಕೆಲಸ ಒಂದು ಆ್ಯಂಟಿಬಯಾಟಿಕ್ ಸೂಜಿ ಚುಚ್ಚುವುದು. ಜ್ವರ ಎರಡು ದಿನ ಅಡಗುತ್ತದೆ, ಕ್ರಿಮಿ ಪತ್ತೆಗೆ ಮಾಡುವ ಕಲ್ಚರ್ ಪರೀಕ್ಷೆಯಲ್ಲಿ ಅದು ಸಿಗದಂತಾಗುತ್ತದೆ, ನಂಜು ಮಾತ್ರ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಸಾಮಾನ್ಯವಾಗಿ ಶಂಟನ್ನೇ ತೆಗೆದು, ದ್ರವವನ್ನು ಹೊರಗಿನ ಚೀಲಕ್ಕೆ ಹರಿಸಿ, ಅದು ಶುದ್ಧವಾದ ಮೇಲೆ ಹೊಸದು ಹಾಕಬೇಕಾಗುತ್ತದೆ.

ಪ್ರಶ್ನೆ: ನೆತ್ತಿಗೆ ಹರಳೆಣ್ಣೆ ಹಾಕಿದರೆ ತಲೆಯ ನೀರು ಇಳಿಯುತ್ತದಂತೆ, ಹೌದೇ?

ಇಲ್ಲ. ಬರೆ ಹಾಕಿಸಿದರೂ ಇಳಿಯುವುದಿಲ್ಲ, ಮಗುವಿಗೆ ಸುಟ್ಟಗಾಯವೊಂದು ಹೆಚ್ಚಾಗುತ್ತದೆ.

ಪ್ರಶ್ನೆ: ಸಾಲ ಮಾಡಿಯಾದರೂ ಫಾರಿನ್ ಶಂಟ್ ಹಾಕಿಸಿದರೆ ಕೆಡುವುದಿಲ್ಲವೇ?

ಅದೂ ಕೆಡುತ್ತದೆ. ನಮ್ಮ ದೇಶದ ಅಗ್ಗದ ಛಾಬ್ರಾ ಶಂಟನ್ನು ದುಬಾರಿ ವಿದೇಶಿ ಶಂಟಿನ ಜೊತೆ ಉಗಾಂಡದ ಮಕ್ಕಳಲ್ಲಿ ಹೋಲಿಸಿ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಾಲದ ದುಡ್ಡಿದ್ದರೆ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಹೋಗಲು ತೆಗೆದಿಡಿ.

ಪ್ರಶ್ನೆ: ಹುಡುಗ ದೊಡ್ಡವನಾದ, ತೊಂದರೆ ಏನೂ ಇಲ್ಲ. ಶಂಟ್ ತೆಗೆಸಿಬಿಡಬಹುದೇ?

ತೊಂದರೆ ಇಲ್ಲದಿರುವುದು ಬಹುಶಃ ಅದು ಇರುವುದರಿಂದಲೇ. ಹಾಗೇ ಇರಲಿ.

ಪ್ರಶ್ನೆ: ಶಂಟ್ ಇದ್ದರೆ ಎಂ.ಆರ್.ಐ. ಮಾಡಿಸಬಹುದೇ?

ಮಾಡಿಸಬಹುದು. ಹೊರಗಿನಿಂದ ಆಯಸ್ಕಾಂತದಲ್ಲಿ ಒತ್ತಡ ಬದಲಿಸುವ ವಾಲ್ವ್ ಆಗಿದ್ದರೆ, ಸ್ಕ್ಯಾನ್ ಮುಗಿದ ಕೂಡಲೇ ಸೆಟ್ಟಿಂಗ್ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿಯೇ ಮನೆಗೆ ಹೋಗಿ.

ಪ್ರಶ್ನೆ: ಮೊದಲ ಮಗು ಬೆನ್ನಿನ ಮೇಲೆ ಗಂಟಿನೊಂದಿಗೆ ಹುಟ್ಟಿತು, ತಲೆಯಲ್ಲೂ ನೀರು. ಮುಂದಿನ ಮಗುವಿಗೆ ಹೀಗಾಗದಂತೆ ಏನು ಮಾಡಬೇಕು?

ಫೋಲಿಕ್ ಆ್ಯಸಿಡ್. ಮುಟ್ಟು ನಿಂತ ಮೇಲೆ ಶುರುಮಾಡಿದರೆ ಬಹುಪಾಲು ತಡವಾಗಿರುತ್ತದೆ, ಏಕೆಂದರೆ ಗರ್ಭ ಕಟ್ಟಿದ 28 ದಿನದೊಳಗೆ ಬೆನ್ನುಹುರಿಯ ನಾಳ ಮುಚ್ಚಿಕೊಂಡಿರಬೇಕು; ಮುಚ್ಚದಿದ್ದರೆ ಇಂಥ ಗಂಟು. ಬೇರೆ ಹೆಂಗಸರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ನಿಮಗೆ ಸಾಲದು. ನಮ್ಮಲ್ಲಿ ಸಿಗುವ 5 ಮಿ.ಗ್ರಾಂ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಂಡು, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಶುರುಮಾಡಿ 12 ವಾರದವರೆಗೆ ದಿನಕ್ಕೊಂದು ನುಂಗಿ. ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವೇ ನಿಲ್ಲಿಸಬೇಡಿ. ಅದರಿಂದಲೂ ಇಂಥ ತೊಂದರೆಯ ಅಪಾಯ ಹೆಚ್ಚು, ಹಾಗಾಗಿ ಬದಲಿಸುವ ಮಾತನ್ನು ಗರ್ಭಕ್ಕೆ ಮೊದಲೇ ನರರೋಗ ತಜ್ಞರ ಹತ್ತಿರ ಆಡಿ.