ಮಾಮೂಲಿ ಹಕ್ಕಿಯನ್ನೇ ಬರೆದಿಡಿ

ನೀವು ಕೇಳಿರೋದು ಇಷ್ಟು: ಅರಸೀಕೆರೆ ಹತ್ತಿರ ನಿಮ್ಮ ಹಳ್ಳಿ. ತೆಂಗಿನ ತೋಟ, ಪಕ್ಕದಲ್ಲೊಂದು ಕೆರೆ, ಅದರಾಚೆ ದನ ಮೇಯುವ ಹುಲ್ಲುಗಾವಲು, ಅಂದರೆ ಕಾವಲು. ಸುತ್ತಮುತ್ತಲಿನ ಹಕ್ಕಿ, ಚಿಟ್ಟೆ, ಗಿಡಮರಗಳನ್ನು ದಾಖಲಿಸುವ ಯೋಜನೆಗಳಿಗೆ ಸೇರಬೇಕು ಅಂತ ಆಸೆ. ಆದರೆ ವಿಜ್ಞಾನ ಓದಿಲ್ಲ, ಒಳ್ಳೆ ಕ್ಯಾಮೆರಾ ಇಲ್ಲ, ಊರಲ್ಲಿ ಸಿಗೋದೆಲ್ಲ ಮಾಮೂಲಿ ಹಕ್ಕಿಗಳೇ. ಹೀಗಿರುವಾಗ ನಾನು ಬರೆದಿಟ್ಟರೆ ಯಾರಿಗೆ ಪ್ರಯೋಜನ?

ಖಂಡಿತ ಪ್ರಯೋಜನ ಇದೆ. ನಾನು ನಿಮ್ಮ ಪಕ್ಕದ ತಿಪಟೂರು ಕಡೆಯವನು. ಕೆಲವು ವರ್ಷಗಳಿಂದ ನಮ್ಮೂರ ಕೆರೆ ಏರಿ ಮೇಲೆ ನಿಂತು ಹಕ್ಕಿ ಎಣಿಸುತ್ತಿದ್ದೇನೆ. ನಾನೂ ವಿಜ್ಞಾನಿ ಅಲ್ಲ. ನೀವು ಮಾಮೂಲಿ ಅನ್ನುತ್ತೀರಲ್ಲ, ಆ ಹಕ್ಕಿಗಳ ಲೆಕ್ಕವೇ ಇವತ್ತು ಎಲ್ಲಕ್ಕಿಂತ ಜಾಸ್ತಿ ಬೇಕಾಗಿರೋದು.

ನೀಲಕಂಠವನ್ನೇ ತಗೊಳ್ಳಿ. ನಮ್ಮ ರಾಜ್ಯಪಕ್ಷಿ. ನಿಮ್ಮ ಕಡೆ ಕರೆಂಟ್ ತಂತಿ ಮೇಲೆ ಈಗಲೂ ಕೂತಿರುತ್ತೆ, ಹಾಗಾಗಿ ಅದಕ್ಕೇನೂ ಆಗಿಲ್ಲ ಅಂತಲೇ ಅನಿಸುತ್ತೆ. ಯಾವ ಜೀವಿಗೆ ಎಷ್ಟು ಅಪಾಯ ಅಂತ ಜಗತ್ತಿನ ಮಟ್ಟದಲ್ಲಿ ಹೇಳುವ ಐಯುಸಿಎನ್ ಪಟ್ಟಿಯಲ್ಲೂ 2023ರಲ್ಲಿ ಅದು ಅಪಾಯ ಇಲ್ಲದ ಗುಂಪಿನಲ್ಲೇ ಇತ್ತು. ಆದರೆ 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನೀಲಕಂಠ ಕಡಿಮೆಯಾಗುತ್ತಿದೆ, ಅದರ ಸ್ಥಿತಿಯನ್ನು ಮತ್ತೆ ಪರಿಶೀಲಿಸಬೇಕು ಅಂತ ಹೇಳಿತು. ಆ ವರದಿ 942 ಜಾತಿಯ ಹಕ್ಕಿಗಳನ್ನು ನೋಡಿತ್ತು. ಅದಕ್ಕೆ ಆಧಾರ 30 ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು ಹಕ್ಕಿ ಲೆಕ್ಕ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿದ್ದ ಸುಮಾರು 3 ಕೋಟಿ ದಾಖಲೆಗಳು. ಮೇಷ್ಟ್ರು, ಬ್ಯಾಂಕ್ ನೌಕರರು, ಕಾಲೇಜು ಹುಡುಗರು, ನಿವೃತ್ತರು, ಹೀಗೆ ಎಲ್ಲರೂ ಅದರಲ್ಲಿದ್ದಾರೆ. ಇಷ್ಟು ದೊಡ್ಡ ದೇಶದಲ್ಲಿ ಒಂದು ಸಾಮಾನ್ಯ ಹಕ್ಕಿ ನಿಧಾನವಾಗಿ ಕರಗಿಹೋಗೋದನ್ನು ಯಾವ ಒಂದು ಸಂಸ್ಥೆಯೂ ಒಬ್ಬಂಟಿಯಾಗಿ ಹಿಡಿಯಲಾರದು.

ಉಲ್ಟಾ ಆಗಿರುವುದೂ ಇದೆ. ಗುಬ್ಬಚ್ಚಿ ದೇಶದಿಂದಲೇ ಮಾಯವಾಗುತ್ತಿದೆ ಅಂತ ಎಲ್ಲರೂ ಮಾತಾಡುತ್ತಿದ್ದರು, ಅಲ್ವಾ? ಇದೇ ಸರಣಿಯ 2020ರ ವರದಿ ನೋಡಿದರೆ ದೊಡ್ಡ ಮಹಾನಗರಗಳಲ್ಲಿ ಕಡಿಮೆಯಾಗಿದೆ, ಆದರೆ ಒಟ್ಟಾರೆ ದೇಶದ ಮಟ್ಟದಲ್ಲಿ ಹೆಚ್ಚುಕಮ್ಮಿ ಹಾಗೇ ಇದೆ. ಹಳ್ಳಿಗಳಲ್ಲಿ ಕೂತು ಗುಬ್ಬಿ ಎಣಿಸಿದವರು ಇಲ್ಲದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಈಗ ಹೇಗೆ ಶುರು ಮಾಡೋದು ಅಂತ ಹೇಳ್ತೀನಿ. ಹಕ್ಕಿಗೆ ಇ-ಬರ್ಡ್ ಸಾಕು. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ 2002ರಲ್ಲಿ ಶುರು ಮಾಡಿದ್ದು. ನಮ್ಮಲ್ಲಿ ಬರ್ಡ್ ಕೌಂಟ್ ಇಂಡಿಯಾ ಅನ್ನೋ ಬಳಗ ಇದನ್ನು ನೋಡಿಕೊಳ್ಳುತ್ತೆ. ಆ್ಯಪ್ ಉಚಿತ. ನಮ್ಮ ಪ್ರದೇಶದ ಹಕ್ಕಿಗಳ ಪಟ್ಟಿಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತೆ. ಒಂದು ಜಾಗ ಗೊತ್ತು ಮಾಡಿಕೊಳ್ಳಿ. ನಿಮಗಾದರೆ ಕೆರೆ ಏರಿ ಚೆನ್ನ. ಬೆಳಗ್ಗೆ ಹೋಗಿ, ಆ್ಯಪ್‌ನಲ್ಲಿ ಸಮಯ ಶುರು ಮಾಡಿ, 15 ನಿಮಿಷ ನಿಂತು ಕಂಡದ್ದು, ಕೇಳಿದ್ದು ಎಲ್ಲವನ್ನೂ ಹಾಕಿ. ಬೆಳ್ಳಕ್ಕಿ 12, ಗುಳುಮುಳುಕ 4, ಕಾಜಾಣ 2, ಕಾಗೆ 9, ಹೀಗೆ. ಗುಂಪು ದೊಡ್ಡದಿದ್ದರೆ ಅಂದಾಜು ಸಂಖ್ಯೆ ಆದರೂ ಪರವಾಗಿಲ್ಲ.

ಕೊನೆಯಲ್ಲಿ ಆ್ಯಪ್ ಒಂದು ಪ್ರಶ್ನೆ ಕೇಳುತ್ತೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಕಾಗೆ, ಗೊರವಂಕಗಳನ್ನೂ ಬಿಡದೆ ಬರೆದಿದ್ದರೆ ‘ಹೌದು’ ಅನ್ನಿ. ಇಡೀ ಕೆಲಸದ ಜೀವ ಈ ‘ಹೌದು’ನಲ್ಲಿದೆ. ಯಾಕೆ ಅಂದರೆ ಪಟ್ಟಿ ಪೂರ್ತಿ ಇದ್ದಾಗ, ಅದರಲ್ಲಿ ಇಲ್ಲದ ಹಕ್ಕಿ ಅವತ್ತು ಅಲ್ಲಿ ಕಾಣಲಿಲ್ಲ ಅನ್ನೋದೂ ಒಂದು ಮಾಹಿತಿ. ಅಪರೂಪದ್ದು ಕಂಡ ದಿನ ಮಾತ್ರ ಬರೆದರೆ ಅದು ಸಂತೋಷದ ನೆನಪಾಗಿ ಉಳಿಯುತ್ತೆ. ಅದರಿಂದ ಏರಿಳಿತ ಲೆಕ್ಕ ಹಾಕೋಕೆ ಆಗಲ್ಲ. ಅದೇ ಏರಿ, ಅದೇ 15 ನಿಮಿಷ, ವಾರಕ್ಕೊಮ್ಮೆ, ವರ್ಷಗಟ್ಟಲೆ. ನೂರು ಊರು ಸುತ್ತಿ ಒಂದೊಂದು ಪಟ್ಟಿ ಹಾಕೋದಕ್ಕಿಂತ ಇದು ಎಷ್ಟೋ ಮೇಲು.

ಹೀಗೆ ಒಂದೇ ಕಡೆ ನಿಂತರೆ ನಿಮಗೇ ಕೆಲವು ವಿಷಯ ಕಾಣತೊಡಗುತ್ತೆ. ಸೆಪ್ಟೆಂಬರ್ ಹೊತ್ತಿಗೆ ಕೋಡಿ ಹತ್ತಿರದ ಕಲ್ಲುಗಳ ಮೇಲೆ ಒಂದು ತೆಳ್ಳನೆ ಹಕ್ಕಿ ಬಾಲ ಕುಣಿಸುತ್ತಾ ಓಡಾಡುತ್ತೆ. ಬೆನ್ನು ಬೂದು, ಬಾಲದ ಬುಡದಲ್ಲಿ ಹಳದಿ. ಅದು ಬೂದು ಕುಂಡೆಕುಸ್ಕ, ಹಿಮಾಲಯದ ಕಡೆಯಿಂದ, ಅದರಾಚೆಯಿಂದಲೂ ಚಳಿಗಾಲ ಕಳೆಯೋಕೆ ಬರುವ ಹಕ್ಕಿ. ಮೊದಲ ಸಲ ಕಂಡ ದಿನವನ್ನು ತಪ್ಪದೆ ಬರೆಯಿರಿ. ಇಂಥ ವಲಸೆ ಹಕ್ಕಿಗಳು ಬಂದ ತಾರೀಖು ಸೇರಿಸೋಕಂತಲೇ 2007ರಲ್ಲಿ ನಮ್ಮ ದೇಶದಲ್ಲಿ ಮೈಗ್ರಂಟ್‌ವಾಚ್ ಅನ್ನೋ ಯೋಜನೆ ಶುರುವಾಗಿತ್ತು.

ಒಬ್ಬರೇ ಮಾಡೋಕೆ ಬೇಜಾರು ಅನ್ನೋದಾದರೆ ಎಲ್ಲರೂ ಸೇರಿ ಎಣಿಸುವ ದಿನಗಳಿವೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ, ಅದು 1987ರಿಂದ ನಡೆಯುತ್ತಿದೆ, ನಿಮ್ಮ ಕೆರೆಗೆ ಹೇಳಿ ಮಾಡಿಸಿದ್ದು. ಊರಿನ ಶಾಲೆ ಮಕ್ಕಳನ್ನೂ ಕರ್ಕೊಂಡು ಹೋಗಿ. ಅವರ ಕಣ್ಣು ನಮಗಿಂತ ಚುರುಕು.

ಇನ್ನು ಮರಗಳು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ನನಗೆ ತುಂಬಾ ಇಷ್ಟದ ಯೋಜನೆ. ಮಾವು, ಹಲಸು, ಹುಣಸೆ, ಬೇವು, ಕಕ್ಕೆ, ಇಂಥ ಗೊತ್ತಿರೋ ಮರ ಒಂದನ್ನು ಆರಿಸಿ, ಆ ಒಂದೇ ಮರವನ್ನು ವಾರಕ್ಕೊಮ್ಮೆ ನೋಡಬೇಕು. ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು ಇದೆಯಾ? ಇದ್ದರೆ ಸ್ವಲ್ಪವಾ, ತುಂಬಾನಾ? ಅಷ್ಟೇ. ಎರಡು ನಿಮಿಷದ ಕೆಲಸ. ಕೇರಳದ ಶಾಲೆಗಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿವೆ. ಅಲ್ಲಿ ಏಪ್ರಿಲ್ ಮಧ್ಯದ ವಿಷು ಹಬ್ಬಕ್ಕೆ ಕಕ್ಕೆ ಹೂ ಬೇಕೇ ಬೇಕು. ಈಗ ಅದು ಹಬ್ಬಕ್ಕೂ ಎಷ್ಟೋ ಮುಂಚೆ ಅರಳೋದನ್ನು ಜನ ವಾರವಾರ ದಾಖಲಿಸಿದ್ದಾರೆ. ನಮ್ಮ ಕಡೆ ಹುಣಸೆ, ಬೇವಿಗೆ ಏನಾಗುತ್ತಿದೆ ಅಂತ ಹೇಳಬೇಕಾದರೆ ಇಂಥದೇ ಲೆಕ್ಕ ನಮ್ಮ ಊರುಗಳಿಂದಲೂ ಬೇಕು. ಹೂ ಇಲ್ಲದ ವಾರ ‘ಇಲ್ಲ’ ಅಂತ ಹಾಕೋದನ್ನು ಮರೀಬೇಡಿ.

ಸಣ್ಣ ಗಿಡ, ಹುಳ, ಕಪ್ಪೆ, ಜೇಡ ಎಲ್ಲಕ್ಕೂ ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್ ಇದೆ. ಫೋಟೋ, ತಾರೀಖು, ಜಾಗ ಹಾಕಿದರೆ ಬೇರೆಯವರು ಗುರುತಿಸೋಕೆ ಸಹಾಯ ಮಾಡುತ್ತಾರೆ. ಮೊಬೈಲ್ ಫೋಟೋ ಧಾರಾಳವಾಗಿ ಸಾಕು, ಆದರೆ ಏನನ್ನು ತೆಗೀತೀರಿ ಅನ್ನೋದು ಮುಖ್ಯ. ತುಂಬೆ ಗಿಡವನ್ನೇ ನೋಡಿ. ನಮ್ಮ ಹೊಲದ ಬದುಗಳಲ್ಲಿ ತುಂಬೆಯ ಹಲವು ಜಾತಿಗಳಿವೆ, ಎಲ್ಲಕ್ಕೂ ಅದೇ ಬಿಳಿ ಹೂ. ಹೂವನ್ನು ಮಾತ್ರ ತೆಗೆದರೆ ಯಾರಿಗೂ ಗುರುತು ಸಿಗಲ್ಲ. ಹೂವಿನ ಬುಡದಲ್ಲಿ ಹಲ್ಲುಹಲ್ಲಾಗಿರುವ ಹಸಿರು ಬಟ್ಟಲು ಇದೆಯಲ್ಲ, ಅದನ್ನು ಹತ್ತಿರದಿಂದ ತೆಗೆಯಿರಿ. ಎಲೆಯ ಮೇಲ್ಭಾಗ, ತಳಭಾಗ, ಕಾಂಡಕ್ಕೆ ಎಲೆ ಸೇರುವ ಜಾಗ, ಇಡೀ ಗಿಡ, ಇವೂ ಇರಲಿ. ತೋಟದಲ್ಲಿ ನೀವೇ ನೆಟ್ಟ ಗಿಡವಾದರೆ ‘ಬೆಳೆಸಿದ್ದು’ ಅಂತ ಗುರುತು ಹಾಕಿ.

ಚಿಟ್ಟೆಗೆ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಅನ್ನೋ ಜಾಲತಾಣವಿದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಅವರು ಕಟ್ಟಿದ್ದು. ಮನೆ ಹಿತ್ತಲಿನ ಕರಿಬೇವಿನಿಂದ ಶುರು ಮಾಡಿ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡರೆ ಬಗ್ಗಿ ನೋಡಿ, ಅದು ಎಷ್ಟೋ ಸಲ ಮರಿಹುಳು ಆಗಿರುತ್ತೆ. ಬೆಳೆದ ಮೇಲೆ ಹಸಿರಾಗುತ್ತೆ. ಗಾಬರಿಯಾದರೆ ತಲೆ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತೆ. ಕಾಮನ್ ಮಾರ್ಮನ್, ಲೈಮ್ ಬಟರ್‌ಫ್ಲೈ ಇವೆರಡರ ಮರಿಗಳೂ ಕರಿಬೇವು ತಿನ್ನುತ್ತವೆ. ಯಾವ ಚಿಟ್ಟೆಯ ಹುಳು ಯಾವ ಗಿಡ ತಿನ್ನುತ್ತೆ ಅನ್ನೋ ದಾಖಲೆಗೆ ತುಂಬಾ ಬೆಲೆ ಇದೆ. ಔಷಧಿ ಹೊಡೆಯೋ ಮುಂಚೆ ಒಂದು ಫೋಟೋ ತೆಗೀರಿ. ಆಮೇಲೆ ಔಷಧಿ ಹೊಡೆಯೋಕೆ ನಿಮಗೇ ಮನಸ್ಸು ಬರಲ್ಲ.

ಒಂದೆರಡು ವಿಷಯದಲ್ಲಿ ನಾನು ಕಟ್ಟುನಿಟ್ಟು. ಫೋಟೋಗೋಸ್ಕರ ಗೂಡಿನ ಹತ್ತಿರ ಹೋಗಬೇಡಿ, ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಕಾಡುಪಾಪ, ನಕ್ಷತ್ರ ಆಮೆ ಇಂಥವು ಕಂಡರೆ ಸರಿಯಾದ ಜಾಗವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬೇಡಿ, ಕದ್ದು ಮಾರುವವರೂ ಅದನ್ನು ನೋಡುತ್ತಾರೆ. ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕು ಮಾಡುವ ವ್ಯವಸ್ಥೆ ಇದೆ, ನಿಮ್ಮ ಮನೆ ಜಾಗಕ್ಕೂ ಅದನ್ನು ಬಳಸಿ. ಮೆರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತೆ, ಕಲಿಯೋಕೆ ಒಳ್ಳೇದು. ಆದರೆ ಅದು ಹೇಳಿತು ಅಂತ ಸುಮ್ನೆ ಪಟ್ಟಿಗೆ ಸೇರಿಸಬೇಡಿ. ನಿಮ್ಮ ಕಣ್ಣೋ ಕಿವಿಯೋ ಒಪ್ಪಬೇಕು. ಗೊತ್ತಾಗದಿದ್ದರೆ ‘ಯಾವುದೋ ಹದ್ದು’ ಅಂತ ಹಾಕೋಕೂ ಅವಕಾಶವಿದೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಕಾವಲು. ಹಾಸನ, ತುಮಕೂರು, ಚಿಕ್ಕಮಗಳೂರು, ಚಿತ್ರದುರ್ಗದ ಅಮೃತ ಮಹಲ್ ಕಾವಲುಗಳು (ಅಮೃತ ಮಹಲ್ ತಳಿಯ ದನಗಳಿಗೆ ಮೀಸಲಿಟ್ಟಿದ್ದ ಜಾಗಗಳು) ರಾಜ್ಯದಲ್ಲಿ ಉಳಿದಿರುವ ಒಳ್ಳೆಯ ಹುಲ್ಲುಗಾವಲುಗಳು. ಕಾಗದದಲ್ಲಿ ಮಾತ್ರ ಎಷ್ಟೋ ಸಲ ಖಾಲಿ ಬಿದ್ದ ಜಮೀನು ಅನ್ನೋ ಹಾಗೆ ಕಾಣುತ್ತವೆ. 2023ರ ವರದಿಯಲ್ಲಿ ಬಯಲು, ಹುಲ್ಲುಗಾವಲಿನ ಹಕ್ಕಿಗಳು ಜಾಸ್ತಿ ಕುಸಿದಿವೆ. ಹಾಗಾಗಿ ತಿಂಗಳಿಗೆ ಒಂದು ಪಟ್ಟಿಯಾದರೂ ಕಾವಲಿನಿಂದ ಹಾಕಿ. ನೆಲಗುಬ್ಬಿಗಳನ್ನು ಬಿಡಬೇಡಿ, ಗುರುತಿಸೋದು ಕಷ್ಟ ಅಂತ ಎಲ್ಲರೂ ಅವನ್ನೇ ಬಿಡೋದು. ನಾಳೆ ಆ ಜಾಗಕ್ಕೆ ಏನೋ ಯೋಜನೆ ಬಂತು ಅಂದರೆ, ಇಲ್ಲಿ ಏನಿತ್ತು ಅಂತ ತೋರಿಸೋಕೆ ತಾರೀಖು ಸಮೇತ ದಾಖಲೆ ಇರುತ್ತೆ.

ಜೊತೆಗೆ ಪಂಚಾಯಿತಿಯಲ್ಲಿ ವಿಚಾರಿಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜೊತೆಗೆ ಊರಿನ ಗಿಡಮರ, ಪ್ರಾಣಿಪಕ್ಷಿಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಆ ಪುಸ್ತಕ ತೆಗೆಸಿ ನೋಡಿ, ನಿಮ್ಮ ಕೆರೆ, ಕಾವಲು ಅದರಲ್ಲಿ ಹೇಗಿವೆ ಅಂತ. ಬಿಟ್ಟುಹೋದದ್ದನ್ನು ಸೇರಿಸಿ ಅಂತ ಕೇಳಬಹುದು. ಹೋಗುವಾಗ ಊರಿನ ಕುರಿ ಕಾಯುವ ಹಿರಿಯರೊಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ. ಹುಲ್ಲಿನ ಹೆಸರು, ಅದನ್ನು ಯಾವ ತಿಂಗಳು ದನ ಮೇಯುತ್ತೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ.